ಕಳ್ಳಿಹಣ್ಣಿನ ಬಣ್ಣ

ಸಿರಾದಲ್ಲಿರುವ ನನ್ನ ಷಡ್ಡಕ ಈಚೆಗೆ ಗೋಡೆಯಷ್ಟಗಲದ ಟಿವಿ ತಂದ. ತಂದವನು ತನ್ನ ಪಾಡಿಗೆ ನೋಡಿಕೊಂಡಿರಬಹುದಿತ್ತು. ಗೃಹಪ್ರವೇಶಕ್ಕೆ ಕರೆಯುವ ಹಾಗೆ ನಾಲ್ಕು ಮನೆಗೆ ಫೋನ್ ಮಾಡಿ ಕರೆದ. ಮಧುಗಿರಿಯಿಂದ ಬಸ್ಸು ಹತ್ತಿ ನಾನೂ ನನ್ನ ಹೆಂಡತಿ ಸರೋಜಳೂ ಹೋದೆವು. ಊಟವಾದ ಮೇಲೆ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ, ಅಂಗಡಿಯವನು ಬಾಯಿಪಾಠ ಮಾಡಿಸಿ ಕಳಿಸಿದ್ದನ್ನು ಒಪ್ಪಿಸಿದ. ಇದರಲ್ಲಿ ನೂರು ಕೋಟಿ ಬಣ್ಣಗಳಿವೆಯಂತೆ. ತೆರೆಯ ಮೇಲೆ ಯಾರೋ ಹೆಂಗಸು ಒಣಮೆಣಸಿನಕಾಯಿ ಹರವುತ್ತಿದ್ದಳು. ಆ ಕೆಂಪು ನೋಡಿ ಎಲ್ಲರೂ ಬಾಯಿ ಬಿಟ್ಟರು. ನಾನು ಮಾತ್ರ ಇದು ಸುಳ್ಳು ಕೆಂಪು ಎಂದೆ.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಬಿಡಲಿಲ್ಲ. ಚಾನೆಲ್‌ನವನು ಬಣ್ಣವನ್ನು ಹಿಂಡಿ ಹಿಪ್ಪೆ ಮಾಡಿ ಕಳಿಸುತ್ತಾನೆ, ನಿನ್ನ ಡಬ್ಬ ಆ ಹಿಪ್ಪೆಗೆ ಪುಡಿ ಕಲಸಿ ನಿನ್ನ ಮುಖಕ್ಕೆ ಎರಚುತ್ತದೆ, ನೀನು ಒರೆಸಿಕೊಳ್ಳುವುದು ಬಿಟ್ಟು ಚಪ್ಪಾಳೆ ತಟ್ಟುತ್ತೀಯ ಎಂದೆಲ್ಲ ಕೂಗಾಡಿದೆ. ಷಡ್ಡಕನ ಮುಖ ಸಪ್ಪಗಾಯಿತು. ಸರೋಜ ಪಕ್ಕೆಗೆ ತಿವಿದಳು. ಕಾಮಾಲೆ ಕಣ್ಣಿನವನಿಗೆ ಕಾಣುವುದೆಲ್ಲ ಹಳದಿ ಅಂತ ಷಡ್ಡಕನ ತಾಯಿ ಗೋಡೆಗೆ ಹೇಳುವ ಹಾಗೆ ಹೇಳಿದರು. ವಾಪಸು ಬರುವಾಗ ಬಡವನಹಳ್ಳಿ ದಾಟಿದ ಮೇಲೆ ಸರೋಜ ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಇವನಿಗೇನು ತಲೆ ಕೆಟ್ಟಿದೆಯೇ, ಟಿವಿಯ ಕೆಂಪಿಗೆ ಯಾಕಿಷ್ಟು ಉರಿದುಬೀಳುತ್ತಾನೆ ಅಂತ ನಿಮಗೂ ಅನ್ನಿಸಿರಬಹುದು. ಹೇಳುತ್ತೇನೆ. ಹೇಳುವಾಗಲೂ ಸಿಟ್ಟು ಬರುತ್ತದೆ, ಅದನ್ನು ಸಹಿಸಿಕೊಳ್ಳಬೇಕು.

ನಾನು ಮಧುಗಿರಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಯೋಗಾಲಯದ ಅಟೆಂಡರ್. ಲೋಲಕ ತೂಗುಹಾಕುವುದು, ಹುಡುಗರು ಒಡೆದ ಮಸೂರದ ಲೆಕ್ಕ ಇಡುವುದು ನನ್ನ ಉದ್ಯೋಗ. ಮನೆಯ ಮಹಡಿಯ ಮೇಲೆ ಎಂಟಡಿ ಅಗಲದ ಜಾಲರಿಯ ಡಿಶ್ ಇದೆ. ಈಗಿನ ಮಕ್ಕಳು ಅದನ್ನು ನೋಡಿದರೆ ರೇಡಾರ್ ಅನ್ನುತ್ತಾರೆ. ಪಾವಗಡದ ಓಬಳೇಶಪ್ಪ ಅನ್ನುವವರು ಹಿಂದೆ ಊರಿಗೆಲ್ಲ ಕೇಬಲ್ ಎಳೆದಿದ್ದವರು. ಕಸುಬು ಮುಚ್ಚಿದಾಗ ಆ ಡಿಶ್ಶನ್ನು ನನಗೆ ಕೊಟ್ಟರು, ಜೊತೆಗೆ ಅದರ ಹುಚ್ಚನ್ನೂ ಕೊಟ್ಟರು. ನಮ್ಮ ಸೀಮೆಯಲ್ಲಿ ಉಪಗ್ರಹಗಳು ಹೆಚ್ಚೂ ಕಡಿಮೆ ನೆತ್ತಿಯ ಮೇಲೇ ಇರುವುದರಿಂದ ಡಿಶ್ಶು ಅಂಗಾತ ಮಲಗಿದ ಹಾಗೆ ಇರುತ್ತದೆ. ಒಂದು ಬೇಸಿಗೆ ನಾನು ಎರಡು ದಿನ ಸಿಗ್ನಲ್ ಯಾಕೆ ಕುಸಿಯಿತೆಂದು ಕೆಳಗೆ ಕೂತು ಇದ್ದಬದ್ದ ವೈರನ್ನೆಲ್ಲ ಬಿಚ್ಚಿ ಹಾಕಿದೆ. ಮೇಲೆ ಹತ್ತಿ ನೋಡಿದರೆ ಸರೋಜ ಅದರೊಳಗೆ ಪಂಚೆ ಹಾಸಿ ಸಂಡಿಗೆ ಇಟ್ಟಿದ್ದಳು. ಇಷ್ಟು ವರ್ಷದಲ್ಲಿ ಆ ತಟ್ಟೆಯಿಂದ ಮನೆಗೆ ಆದ ಉಪಯೋಗ ಅದೊಂದೇ ಅಂತ ಅವಳು ಈಗಲೂ ಹೇಳುತ್ತಾಳೆ.

ಹುಚ್ಚು ಏನೆಂದರೆ ಇದು. ಎಲ್ಲೋ ಏನೋ ನಡೆದಾಗ ಚಾನೆಲ್‌ನವರ ವ್ಯಾನು ನೆತ್ತಿಯ ಮೇಲೆ ಡಿಶ್ಶು ಹೊತ್ತುಕೊಂಡು ಅಲ್ಲಿಗೆ ಓಡುತ್ತದೆ. ಅಲ್ಲಿಂದ ಚಿತ್ರವನ್ನು ನೇರ ಉಪಗ್ರಹಕ್ಕೆ ಎಸೆಯುತ್ತದೆ, ಅದು ಚಾನೆಲ್ಲಿನ ಕಚೇರಿಗೆ ಇಳಿಯುತ್ತದೆ. ಇದಕ್ಕೆ ಫೀಡ್ ಅನ್ನುತ್ತಾರೆ. ಕಚೇರಿಯಲ್ಲಿ ಅದನ್ನು ಕತ್ತರಿಸಿ, ಕೆಳಗೊಂದು ಪಟ್ಟಿ ಓಡಿಸಿ, ಜಾಹೀರಾತು ತುರುಕಿ ಮತ್ತೆ ಮೇಲಕ್ಕೆ ಕಳಿಸುತ್ತಾರೆ. ನಿಮ್ಮ ಮನೆಗೆ ಬರುವುದು ಆ ಎರಡನೆಯದು. ಮೊದಲನೆಯದಕ್ಕೆ ಕೆಲವರು ಬೀಗ ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಹಾಕದಿದ್ದರೆ ಅದು ಮಳೆಯ ಹಾಗೆ ಎಲ್ಲರ ಮಹಡಿಯ ಮೇಲೂ ಬೀಳುತ್ತದೆ. ಹಿಡಿಯಲು ಪಾತ್ರೆ ಇರಬೇಕು ಅಷ್ಟೆ. ಅದರಲ್ಲಿ ಜಾಹೀರಾತಿಲ್ಲ, ಅರಚಾಟವಿಲ್ಲ. ದೊಡ್ಡ ದೊಡ್ಡ ನಿರೂಪಕರು ಕಿವಿಯೊಳಗೆ ಬೆರಳಾಡಿಸುವುದನ್ನು ನಾನು ನೋಡಿದ್ದೇನೆ. ಒಬ್ಬ ಮಂತ್ರಿ ನೇರಪ್ರಸಾರಕ್ಕೆ ಮುಂಚೆ ಹಲ್ಲಿನ ಸಂದಿಯಿಂದ ಕೊತ್ತಂಬರಿ ಸೊಪ್ಪು ತೆಗೆಯಲು ಪಟ್ಟ ಪಾಡನ್ನು ಇಡೀ ಐದು ನಿಮಿಷ ನೋಡಿದ್ದೇನೆ.

ಇನ್ನು ಬಣ್ಣದ ವಿಷಯ. ಫೀಡಿನ ಬಣ್ಣವೇ ಬೇರೆ. ಕಸುಬಿನವರು ಅದಕ್ಕೆ ನಾಲ್ಕು-ಎರಡು-ಎರಡು ಅನ್ನುತ್ತಾರೆ. ನಿಮ್ಮ ಮನೆಗೆ ಬರುವುದು ನಾಲ್ಕು-ಎರಡು-ಸೊನ್ನೆ. ಪಂಕ್ತಿಯಲ್ಲಿ ಊಟಕ್ಕೆ ಕೂತ ಹಾಗೆ ಅಂದುಕೊಳ್ಳಿ. ಚಿತ್ರದ ಚುಕ್ಕಿಗಳೆಲ್ಲ ಎಲೆ ಹಾಕಿಕೊಂಡು ಕೂತಿವೆ, ಬಣ್ಣ ಅನ್ನುವುದು ಮುದ್ದೆ. ಫೀಡಿನಲ್ಲಿ ಇಬ್ಬರಿಗೆ ಒಂದು ಮುದ್ದೆ. ನಮಗೆ ಬರುವ ಚಿತ್ರದಲ್ಲಿ ನಾಲ್ವರಿಗೆ ಒಂದು. ದೂರದಿಂದ ನೋಡಿದರೆ ಎಲ್ಲರ ಎಲೆಯಲ್ಲೂ ಏನೋ ಇರುವಂತೆ ಕಾಣುತ್ತದೆ. ಸಣ್ಣ ಕಲೆ, ತೆಳುವಾದ ಗೆರೆ, ಹತ್ತಿರ ಹತ್ತಿರದ ಎರಡು ಬಣ್ಣ ಬಂದಾಗ ಮಾತ್ರ ಮೋಸ ಗೊತ್ತಾಗುತ್ತದೆ. ಎಲ್ಲಕ್ಕಿಂತ ಮೊದಲು ಕೆಡುವುದು ಕೆಂಪು. ಹೀಗೆ ಉಳಿಸಿದ ಬಣ್ಣದ ಜಾಗದಲ್ಲಿ ಇನ್ನೊಂದು ಚಾನೆಲ್ ತುಂಬುತ್ತಾರೆ. ಆ ಸೊನ್ನೆ ಇದೆಯಲ್ಲ, ಅದು ನಮ್ಮ ಪಾಲಿನದು.

ಈ ಫೀಡು ಮಾಮೂಲಿ ಸೆಟ್‌ಟಾಪ್ ಬಾಕ್ಸಿಗೆ ಜೀರ್ಣವಾಗುವುದಿಲ್ಲ. ಸದ್ದು ಬರುತ್ತದೆ, ಚಿತ್ರ ಬರುವುದಿಲ್ಲ. ಎರಡು ವರ್ಷ ನಾನು ಕಪ್ಪು ತೆರೆಯ ಮುಂದೆ ಕೂತು ಜಗತ್ತನ್ನು ಕೇಳಿಸಿಕೊಂಡಿದ್ದೇನೆ. ಕೊನೆಗೆ ಓಬಳೇಶಪ್ಪನವರೇ ಒಂದು ಹಳೇ ಕಂಪ್ಯೂಟರಿಗೆ ಯಾವುದೋ ಕಾರ್ಡು ಸಿಕ್ಕಿಸಿಕೊಟ್ಟರು. ಮೊದಲ ಸಲ ಚಿತ್ರ ಮೂಡಿದಾಗ ಕಂಡದ್ದು ಯಾವುದೋ ಕ್ರಿಕೆಟ್ ಮೈದಾನ. ಆಟವಿನ್ನೂ ಶುರುವಾಗಿರಲಿಲ್ಲ, ಇಬ್ಬರು ಹುಲ್ಲಿಗೆ ನೀರು ಬಿಡುತ್ತಿದ್ದರು. ಹಸಿರಿನಲ್ಲಿ ಅಷ್ಟು ಬಗೆಯ ಹಸಿರುಗಳಿವೆ ಅಂತ ಹೊಲದಲ್ಲಿ ಬೆಳೆದ ನನಗೆ ಆವತ್ತು ಗೊತ್ತಾಯಿತು. ನಾಚಿಕೆಯಾಯಿತು.

ನಮ್ಮಂಥ ಹುಚ್ಚರ ಒಂದು ಗುಂಪು ಇದೆ. ಎಲ್ಲೆಲ್ಲೋ ಇರುವವರು, ಒಬ್ಬರ ಮುಖ ಒಬ್ಬರು ಕಂಡವರಲ್ಲ. ಅದರಲ್ಲಿ ಒಂದೇ ಕಟ್ಟಳೆ. ಕಂಡದ್ದನ್ನು ಹೊರಗೆ ಆಡಬಾರದು. ಯಾರಾದರೂ ಬಾಯಿಬಿಟ್ಟರೆ ಚಾನೆಲ್‌ನವರಿಗೆ ಎಚ್ಚರವಾಗುತ್ತದೆ, ಮಾರನೆಯ ವಾರವೇ ಬೀಗ ಬೀಳುತ್ತದೆ, ಒಬ್ಬನ ಬಾಯಿಂದ ಎಲ್ಲರ ತೆರೆಯೂ ಕಪ್ಪಾಗುತ್ತದೆ. ಓಬಳೇಶಪ್ಪನವರು ಇದನ್ನು ನನಗೆ ದೀಕ್ಷೆ ಕೊಟ್ಟ ಹಾಗೆ ಹೇಳಿಕೊಟ್ಟಿದ್ದರು. ನಾನು ಅದನ್ನು ಧರ್ಮ ಅಂತಲೇ ನಂಬಿದ್ದೆ. ಹೆದರಿಕೆಗೂ ಧರ್ಮಕ್ಕೂ ವ್ಯತ್ಯಾಸ ಗೊತ್ತಾಗದಷ್ಟು ನಂಬಿದ್ದೆ.

ಆದರೆ ಬಣ್ಣದ ವಿಷಯದಲ್ಲಿ ನನ್ನ ಮೊದಲ ಗುರು ಓಬಳೇಶಪ್ಪ ಅಲ್ಲ, ರಂಗಕ್ಕ.

ನಮ್ಮೂರು ಬರಗೂರಿನ ಕಡೆ. ಬಸ್ಸಿಳಿದು ಒಂದು ಮೈಲಿ ನಡೆಯಬೇಕು. ಆ ಒಂದು ಮೈಲಿಯೂ ದಾರಿಯ ಎರಡು ಬದಿಗೆ ಪಾಪಾಸುಕಳ್ಳಿಯ ಬೇಲಿ. ಶಿವರಾತ್ರಿ ಹೊತ್ತಿಗೆ ಅದರ ತುಂಬ ಹಣ್ಣು. ರಂಗಕ್ಕ ಹಟ್ಟಿಯ ಹುಡುಗಿ, ನನಗಿಂತ ಏಳೆಂಟು ವರ್ಷ ದೊಡ್ಡವಳು, ನಮ್ಮ ಮನೆಯ ಆಡು ಕಾಯುತ್ತಿದ್ದಳು. ಕಳ್ಳಿಹಣ್ಣು ತಿನ್ನುವುದು ಒಂದು ವಿದ್ಯೆ. ಕಣ್ಣಿಗೆ ಕಾಣುವ ಮುಳ್ಳಲ್ಲ, ಕಾಣದ ಸುಂಕುಮುಳ್ಳು ಪ್ರಾಣ ತೆಗೆಯುತ್ತದೆ. ರಂಗಕ್ಕ ತುದಿ ಸೀಳಿದ ಕೋಲಿನಿಂದ ಹಣ್ಣು ಕೀಳುತ್ತಿದ್ದಳು. ನೆಲದ ಮೇಲೆ ಹಾಕಿ, ಬಂದರೆ ಗಿಡದ ಸೊಪ್ಪಿನ ಕಂತೆಯಿಂದ ಗುಡಿಸುವ ಹಾಗೆ ಉಜ್ಜುತ್ತಿದ್ದಳು. ನೆತ್ತಿಯ ಗುಳಿಯಲ್ಲಿರುವ ಮುಳ್ಳನ್ನು ಕಲ್ಲಿನಿಂದ ಕೆತ್ತಿ, ಬಿಡಿಸಿ, ಬಾಯಿಗೆ ಹಾಕುತ್ತಿದ್ದಳು. ಎರಡಕ್ಕಿಂತ ಹೆಚ್ಚು ಕೊಡುತ್ತಿರಲಿಲ್ಲ. ಹೆಚ್ಚು ತಿಂದರೆ ಬೀಜ ಹೊಟ್ಟೆಯಲ್ಲಿ ಕಟ್ಟಿಕೊಂಡು ವಾಂತಿಯಾಗುತ್ತದೆ ಅನ್ನುತ್ತಿದ್ದಳು.

ಆ ಹಣ್ಣಿನ ಬಣ್ಣಕ್ಕೆ ಏನು ಹೇಳುವುದು? ಕೆಂಪು ಅನ್ನುವಂತಿಲ್ಲ, ನೇರಳೆ ಅನ್ನುವಂತಿಲ್ಲ. ಸೀರೆ ಅಂಗಡಿಯವರು ರಾಣಿ ಕಲರ್ ಅನ್ನುತ್ತಾರಲ್ಲ, ಅದನ್ನೇ ಹಿಂಡಿ ಗಟ್ಟಿ ಮಾಡಿದ ಹಾಗೆ. ತುಟಿ, ನಾಲಿಗೆ, ಉಗುರಿನ ಸಂದಿ ಎಲ್ಲ ಕಡೆ ಹತ್ತುತ್ತದೆ, ಒರೆಸಿದರೆ ಹೋಗುವುದಿಲ್ಲ. ಹಟ್ಟಿಯವರ ಕೈಯಿಂದ ತಿಂದದ್ದು ಗೊತ್ತಾದರೆ ನಮ್ಮಜ್ಜಿ ಹಿತ್ತಿಲಲ್ಲಿ ನಿಲ್ಲಿಸಿ ಬೆತ್ತಲೆ ಮಾಡಿ ನೀರು ಹೊಯ್ಯುತ್ತಿದ್ದಳು. ನಾನು ಅಂಗಿಯ ತೋಳಿಗೆ ಬಾಯಿ ಉಜ್ಜಿ ಉಜ್ಜಿ ಒಳಗೆ ಹೋಗುತ್ತಿದ್ದೆ. ಬಣ್ಣ ಚಾಡಿ ಹೇಳುತ್ತಿತ್ತು. ಅಜ್ಜಿ ನನಗೆ ನೀರು ಹೊಯ್ದು, ರಂಗಕ್ಕನಿಗೆ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದಳು. ನಾನೇ ಕೇಳಿ ತಿಂದದ್ದು ಅಂತ ನಾನು ಒಂದು ದಿನವೂ ಹೇಳಲಿಲ್ಲ.

ಇನ್ನೊಂದು ಸಲ, ಆಗ ನನಗೆ ಆರು ವರ್ಷವಿರಬೇಕು, ಕದ್ದು ಆರೇಳು ಹಣ್ಣು ತಿಂದೆ. ಮಾರನೆಯ ದಿನ ಬೇಲಿಯ ಮರೆಗೆ ನಿಂತರೆ ಒಂದಕ್ಕೆ ಕೆಂಪಗೆ ಹೋಯಿತು. ನಾನು ಸಾಯುತ್ತೇನೆ, ಮೈಯಲ್ಲಿದ್ದ ರಕ್ತವೆಲ್ಲ ಹೋಗುತ್ತಿದೆ ಅಂತ ಚಡ್ಡಿ ಹಿಡಿದುಕೊಂಡು ಊರೆಲ್ಲ ಕೇಳುವಂತೆ ಅತ್ತೆ. ರಂಗಕ್ಕ ಓಡಿ ಬಂದವಳು ನನ್ನ ನಾಲಿಗೆ ಹೊರಗೆ ಹಾಕಿಸಿ ನೋಡಿ, ನೆಲಕ್ಕೆ ಕುಸಿದು ಕೂತು ನಕ್ಕಳು. ರಕ್ತಕ್ಕೂ ಕಳ್ಳಿಹಣ್ಣಿಗೂ ಇರುವ ವ್ಯತ್ಯಾಸ ನಾನು ಕಲಿತದ್ದು ಆವತ್ತು. ಆರು ವರ್ಷಕ್ಕೆ ಕಲಿತೆ ಅನ್ನುವುದನ್ನು ದಯವಿಟ್ಟು ನೆನಪಿಡಿ, ಯಾಕೆಂದರೆ ಮುಂದೆ ಬರುವ ವರದಿಗಾರನಿಗೆ ಮೂವತ್ತಾದರೂ ಆಗಿತ್ತು.

ರಂಗಕ್ಕ ಮದುವೆಯಾಗಿ, ಗಂಡನನ್ನು ಕಳೆದುಕೊಂಡು, ಊರಿಗೇ ವಾಪಸಾಗಿ, ಹದಿನೈದು ವರ್ಷದಿಂದ ನಮ್ಮೂರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಅವಳು ಮಾಡಿದ್ದನ್ನು ತಮ್ಮ ಮಕ್ಕಳು ತಿನ್ನಬಾರದು ಅಂತ ಮೂಗು ಮುರಿಯುವ ಎರಡು ಮೂರು ಮನೆಗಳು ಊರಿನಲ್ಲಿ ಮೊದಲಿನಿಂದಲೂ ಇದ್ದವು. ಮಕ್ಕಳು ಮಾತ್ರ ತಿನ್ನುತ್ತಿದ್ದವು. ಅವಳ ಸೊಪ್ಪಿನ ಸಾರು ಅಂಥದ್ದು.

ಈ ವರ್ಷ ಶಿವರಾತ್ರಿ ಕಳೆದು ಒಂದು ವಾರ ಆಗಿತ್ತು. ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ಮುಗಿಸಿ ನಾಲ್ಕು ಗಂಟೆಗೆ ಮನೆಗೆ ಬಂದು, ಕಾಫಿ ಹಿಡಿದು ಕಂಪ್ಯೂಟರ್ ಹಾಕಿದೆ. ಉಪಗ್ರಹದಲ್ಲಿ ಯಾವ ಫೀಡು ಬೀಗವಿಲ್ಲದೆ ಬರುತ್ತಿದೆ ಅಂತ ಹುಡುಕುತ್ತಾ ಹೋದಾಗ ಒಂದು ಚಿತ್ರ ನಿಂತಿತು. ಶಾಲೆಯ ಅಂಗಳ, ಹೊಂಗೆ ಮರ, ಹಳದಿ ಗೋಡೆ. ಎಲ್ಲೋ ನೋಡಿದ ಹಾಗಿದೆ ಅಂದುಕೊಳ್ಳುವಷ್ಟರಲ್ಲಿ ಗೋಡೆಯ ಬುಡದಲ್ಲಿ ನಾನೇ ಬಾಲ್ಯದಲ್ಲಿ ಕೂರುತ್ತಿದ್ದ ಜಗಲಿ ಕಂಡಿತು. ನಮ್ಮೂರ ಶಾಲೆ. ಉಪಗ್ರಹದಿಂದ ನಮ್ಮೂರು ನನ್ನ ಮಹಡಿಗೆ ಬಿದ್ದದ್ದು ಅದೇ ಮೊದಲು. ಸರೋಜಾ ಬಾರೇ ಅಂತ ಕೂಗಿದೆ. ಖುಷಿಯಿಂದ ರೆಕಾರ್ಡಿಂಗ್ ಒತ್ತಿದೆ.

ಮೂವರು ಹುಡುಗರನ್ನು ಜಗಲಿಯ ಮೇಲೆ ಮಲಗಿಸಿದ್ದರು. ಒಬ್ಬನ ಬಿಳಿ ಅಂಗಿಯ ಎದೆಯ ಮೇಲೆಲ್ಲ ವಾಂತಿಯ ಕಲೆ. ಸುತ್ತ ಜನ. ರಂಗಕ್ಕ ಆ ಹುಡುಗನ ತಲೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ನೇರಪ್ರಸಾರ ಶುರುವಾಗಲು ಇನ್ನೂ ಹೊತ್ತಿತ್ತು. ವರದಿಗಾರ ಮೈಕು ಹಿಡಿದು, ಕನ್ನಡಿ ನೋಡಿ ಕೂದಲು ತಿದ್ದಿಕೊಂಡು, ಊಟ ಮಾಡಿ ರಕ್ತ ಕಾರಿದ ಮಕ್ಕಳು ಅನ್ನುವ ವಾಕ್ಯವನ್ನು ಬೇರೆ ಬೇರೆ ರಾಗದಲ್ಲಿ ಹೇಳಿ ಅಭ್ಯಾಸ ಮಾಡುತ್ತಿದ್ದ. ನಾನು ಆ ಅಂಗಿಯ ಕಲೆ ನೋಡಿದೆ. ನಾಲ್ಕು-ಎರಡು-ಎರಡು. ಇಬ್ಬರಿಗೊಂದು ಮುದ್ದೆ. ಒಂದು ಗಳಿಗೆಯೂ ಅನುಮಾನ ಬರಲಿಲ್ಲ. ಕಲೆಯ ಅಂಚಿನಲ್ಲಿ ಆ ರಾಣಿ ಬಣ್ಣ ಹೊಳೆಯುತ್ತಿತ್ತು, ನಡುವೆ ಸಣ್ಣ ಬೀಜಗಳು ಕಾಣುತ್ತಿದ್ದವು. ಕಳ್ಳಿಯ ಬೇಲಿಗೆ ಹೋದರೆ ಚರ್ಮ ಸುಲಿಯುತ್ತೇನೆ ಅಂತ ಮೇಷ್ಟ್ರು ಹೇಳಿದ್ದರಂತೆ, ಅದಕ್ಕೇ ಹುಡುಗರು ಹೆದರಿ ಬಾಯಿ ಬಿಟ್ಟಿರಲಿಲ್ಲ. ಅದು ನನಗೆ ಆಮೇಲೆ ಗೊತ್ತಾಯಿತು.

ರಂಗಕ್ಕನಿಗೆ ಆಗಲೇ ಗೊತ್ತಿತ್ತು. ಅವಳು ಹುಡುಗನ ಕೈಯನ್ನು ಕ್ಯಾಮೆರಾದ ಕಡೆ ಎತ್ತಿ ಹಿಡಿದು ಹೇಳಿದಳು: "ಇದು ರಕ್ತ ಅಲ್ಲ ಸ್ವಾಮಿ, ಕಳ್ಳಿಹಣ್ಣು. ಬೆರ್ಳು ನೋಡಿ, ಸುಂಕ್ ಚುಚ್ಕಂಡೈತೆ. ನಾಲ್ಗೆ ನೋಡಿ. ನನ್ ಸಾರಲ್ಲಿ ಏನೂ ಇಲ್ಲ, ನಾನೂ ಅದ್ನೇ ಉಂಡಿವ್ನಿ."

ವರದಿಗಾರ ಅದೆಲ್ಲ ಆಮೇಲೆ ಅಂದ. ಅವಳು ಮತ್ತೆ ಹೇಳಿದಳು. ಆಮೇಲೆ ಅಂದ. ಮೂರನೆಯ ಸಲ ಅವಳು ಹುಡುಗನ ಬಾಯಿ ತೆರೆಸಿ ನಾಲಿಗೆ ತೋರಿಸಿದಳು. ವರದಿಗಾರ ಕ್ಯಾಮೆರಾದವನಿಗೆ ಅಂಗಿಯನ್ನು ಹತ್ತಿರ ತಗೋ ಅಂತ ಸನ್ನೆ ಮಾಡಿ, ಅಡುಗೆ ಮಾಡಿದ್ದು ಯಾರು, ಬಡಿಸಿದ್ದು ಯಾರು, ಅಷ್ಟು ಮಾತ್ರ ಹೇಳಮ್ಮ ಅಂದ. ಅವಳು ಪಾಪ, ನಾನೇ ಮಾಡಿ ನಾನೇ ಬಡಿಸಿದೆ ಅಂದಳು.

ಅವತ್ತು ಸಂಜೆ ಟಿವಿಯಲ್ಲಿ ಬಂದದ್ದು ಆ ಕೊನೆಯ ಮಾತು. ನಾನೇ ಮಾಡಿ ನಾನೇ ಬಡಿಸಿದೆ. ಮೂರು ಸಲ ಹೇಳಿದ ಕಳ್ಳಿಹಣ್ಣು ಎಲ್ಲಿಯೂ ಇಲ್ಲ. ಅಂಗಿಯ ಕಲೆಯ ಸುತ್ತ ಒಂದು ವೃತ್ತ ಎಳೆದಿದ್ದರು. ನಾಲ್ವರಿಗೊಂದು ಮುದ್ದೆಯ ಲೆಕ್ಕದಲ್ಲಿ ಬೀಜ, ಅಂಚು ಎಲ್ಲ ಕಲಸಿಹೋಗಿದ್ದವು. ಬರೀ ಹಿಂಡಿದ್ದರಿಂದ ಬಣ್ಣ ಅಷ್ಟು ಬದಲಾಗುವುದಿಲ್ಲ. ಮೇಲೆ ಇನ್ನಷ್ಟು ಕೆಂಪು ಸುರಿದಿದ್ದರು, ಅದಕ್ಕೆ ನಾನು ಯಾವ ದೇವರ ಮುಂದೆ ಬೇಕಾದರೂ ಪ್ರಮಾಣ ಮಾಡುತ್ತೇನೆ. ಕಂಡರೆ ನಿಮಗೂ ರಕ್ತ ಅನ್ನಿಸುತ್ತಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ, ಕಟ್ಟಿದರು. ಮೂಗು ಮುರಿಯುತ್ತಿದ್ದ ಮನೆಗಳವರು ಶಾಲೆಯ ಮುಂದೆ ಬಂದು ಕೂತರು. ಹುಡುಗರು ಮಾರನೆಯ ದಿನವೇ ಎದ್ದು ಗೋಲಿ ಆಡುತ್ತಿದ್ದರು. ಆಸ್ಪತ್ರೆಯ ಚೀಟಿಯಲ್ಲಿ ಆಹಾರದಿಂದ ವಾಂತಿ ಅಂತ ಬರೆದಿತ್ತಂತೆ. ಕಳ್ಳಿಹಣ್ಣೂ ಆಹಾರವೇ ತಾನೆ? ವಿಚಾರಣೆ ಮುಗಿಯುವ ತನಕ ಅಂತ ಹೇಳಿ ರಂಗಕ್ಕನನ್ನು ಅಡುಗೆಮನೆಯಿಂದ ಹೊರಗೆ ಹಾಕಿದರು.

ಸರೋಜ, ರೆಕಾರ್ಡಿಂಗ್ ನಿಮ್ಮ ಹತ್ತಿರ ಇದೆಯಲ್ಲ, ವಿಚಾರಣೆಯವರಿಗೆ ಕೊಡಿ ಅಂದಳು. ನಾನು ಓಬಳೇಶಪ್ಪನವರಿಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು, ಅಯ್ಯೋ ಪಾಪ ಅಂತಲೂ ಅಂದರು. ಆಮೇಲೆ ತಮ್ಮ ಪಾವಗಡದ ತೆಲುಗು ಬೆರೆಸಿ ಹೇಳಿದರು:

"ಚೂಡು ಅಬ್ಬಯ್ಯಾ, ನೀನು ಬಾಯಿಬಿಟ್ರೆ ಎಲ್ಲರ್ದೂ ಲಾಕ್ ಆಗ್ತದೆ. ವಿಚಾರಣೆ ಮಾಡ್ತಾರೆ, ಅವ್ರಿಗೇ ತೆಲುಸ್ತದೆ. ಮನಕೆಂದುಕು? ಅಂತೇ."

ಮನಕೆಂದುಕು. ನಮಗ್ಯಾಕೆ. ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದೂ ಅದೇ ಮಾತು, ಅದನ್ನು ಕೇಳಲೆಂದೇ ಫೋನ್ ಮಾಡಿದ್ದೆ. ಅವರ ಮೇಲೆ ಸಿಟ್ಟು ಮಾಡಿಕೊಂಡು ಫೋನ್ ಇಟ್ಟೆ. ಮುಂದಿನ ಹತ್ತು ದಿನ ನಾನು ಮಾಡಿದ ಕೆಲಸವೆಂದರೆ ಸಿಟ್ಟು ಮಾಡಿಕೊಂಡದ್ದು. ಚಾನೆಲ್‌ನವರ ಮೇಲೆ, ಊರಿನವರ ಮೇಲೆ, ಲ್ಯಾಬಿನಲ್ಲಿ ಪ್ರಿಸಂ ಬೀಳಿಸಿದ ಹುಡುಗಿಯ ಮೇಲೆ. ರೆಕಾರ್ಡಿಂಗನ್ನು ದಿನಕ್ಕೊಂದು ಸಲ ಹಾಕಿ ನೋಡುತ್ತಿದ್ದೆ, ನೋಡಿ ಹಲ್ಲು ಕಡಿಯುತ್ತಿದ್ದೆ. ಆಹಾ ಎಂಥ ಬಣ್ಣ ಅಂತ ಅದರ ನಡುವೆಯೂ ಒಂದು ಸಲ ಅನ್ನಿಸಿತು. ಅನ್ನಿಸಿದ್ದು ನಿಜ.

ಊರಿಂದ ಬಂದವರೊಬ್ಬರು, ರಂಗಕ್ಕ ದಿನಾ ಹತ್ತು ಗಂಟೆಗೆ ಶಾಲೆಯ ಗೇಟಿನವರೆಗೆ ಬಂದು, ಸ್ವಲ್ಪ ಹೊತ್ತು ನಿಂತು, ಹ್ಯಾಪುಮೋರೆ ಹಾಕಿಕೊಂಡು ವಾಪಸು ಹೋಗುತ್ತಾಳೆ ಅಂದರು. ಅವತ್ತು ತಡೆಯಲಾಗಲಿಲ್ಲ. ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು, ಯಾರಿಗೂ ಹೇಳದೆ, ರಜೆ ಬರೆದು ಸಿರಾದ ಶಿಕ್ಷಣ ಇಲಾಖೆಯ ಕಚೇರಿಗೆ ಹೋದೆ. ವಿಚಾರಣೆ ಮಾಡುವ ಅಧಿಕಾರಿ ಒಳ್ಳೆಯವರ ಹಾಗೇ ಕಂಡರು. ಕೂರಿಸಿದರು, ಕಂಪ್ಯೂಟರಿಗೆ ಹಾಕಿ ಎಂದರು. ಹಾಕಿದೆ. ತೆರೆ ಕಪ್ಪಗೆ ನಿಂತಿತು. ರಂಗಕ್ಕನ ದನಿ ಮಾತ್ರ ಬಂತು.

ಎರಡು ವರ್ಷ ಆ ಕಪ್ಪು ತೆರೆಯ ಮುಂದೆ ಕೂತವನು ನಾನು. ಕಚೇರಿಯ ಕಂಪ್ಯೂಟರಿಗೆ ಈ ಬಣ್ಣ ಬಿಡಿಸಲು ಬರುವುದಿಲ್ಲ ಅನ್ನುವುದು ಇಡೀ ತಾಲ್ಲೂಕಿನಲ್ಲಿ ಯಾರಿಗಾದರೂ ಹೊಳೆಯಬೇಕಿದ್ದರೆ ನನಗೆ ಹೊಳೆಯಬೇಕಿತ್ತು. ಅಧಿಕಾರಿ ದನಿಯನ್ನು ಪೂರ್ತಿ ಕೇಳಿದರು. ಅಡುಗೆಯವಳು ತನ್ನ ಸಾರಲ್ಲಿ ತಪ್ಪಿದೆ ಅಂತ ಹೇಳುತ್ತಾಳೇನ್ರೀ, ಬರೀ ಮಾತು ಕಟ್ಟಿಕೊಂಡು ಏನು ಮಾಡಲಿ ಅಂದರು. ಚಿತ್ರ ಇದೆ ಸಾರ್, ನಾನು ನೋಡಿದ್ದೇನೆ ಅಂದೆ. ಅವರು ಒಂದು ಬಿಳಿ ಹಾಳೆ ತೆಗೆದು ನನ್ನ ಮುಂದಿಟ್ಟರು. ಏನು ನೋಡಿದಿರಿ, ಎಲ್ಲಿಂದ ನೋಡಿದಿರಿ, ನಿಮ್ಮ ಹೆಸರು, ಹುದ್ದೆ ಎಲ್ಲ ಬರೆದು ಸಹಿ ಹಾಕಿ, ಅದು ದಾಖಲೆಯಾಗುತ್ತದೆ ಅಂದರು. ಇದನ್ನು ಹಿಡಿಯಲು ನಿಮಗೆ ಅನುಮತಿ ಇದೆಯೇ ಅಂತಲೂ ಸುಮ್ಮನೆ, ಸಹಜವಾಗಿ ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕೆಲಸ, ಇನ್‌ಕ್ರಿಮೆಂಟು, ಡಿಶ್ಶು, ಗುಂಪು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಮನೆಗೆ ಹೋಗಿ ಚಿತ್ರವನ್ನು ಮಾಮೂಲಿ ಬಣ್ಣಕ್ಕೆ ಇಳಿಸಿ ತರುತ್ತೇನೆ ಸಾರ್ ಅಂದೆ. ಹತ್ತು ನಿಮಿಷದ ಕೆಲಸ ಅದು. ಬಸ್ ಸ್ಟ್ಯಾಂಡಿಗೆ ಹೆಚ್ಚೂ ಕಡಿಮೆ ಓಡಿದೆ. ಮತ್ತೆ ಹೋಗಲಿಲ್ಲ.

ಯುಗಾದಿ ಕಳೆದು ಒಂದು ವಾರಕ್ಕೆ ರಂಗಕ್ಕ ನಮ್ಮ ಮನೆ ಬಾಗಿಲಿಗೆ ಬಂದಳು. ಊರಿನಿಂದ ಓದಿ ನೌಕರಿ ಹಿಡಿದವನು ಅಂತ ನನ್ನಿಂದ ಒಂದು ಅರ್ಜಿ ಬರೆಸಿಕೊಳ್ಳಲು ಬಂದಿದ್ದಳು. ಒಳಗೆ ಬಾ ಅಂದರೆ ಹೊಸ್ತಿಲ ಹತ್ತಿರ ಚಪ್ಪಲಿ ಬಿಟ್ಟು ಒಂದು ಗಳಿಗೆ ನಿಂತಳು. ಸರೋಜ ಕೈ ಹಿಡಿದು ಕರೆತಂದಳು. ಅರ್ಜಿ ಬರೆಯಲು ಹಾಳೆ ತೆಗೆದವನಿಗೆ ಸರೋಜಳ ಕಣ್ಣು ನೋಡಿ ಬೇರೆ ದಾರಿ ಉಳಿಯಲಿಲ್ಲ. ಕಂಪ್ಯೂಟರ್ ಹಾಕಿ ಕೂರಿಸಿದೆ.

ಅವಳು ತನ್ನನ್ನು ತಾನು ಪೂರ್ತಿ ನೋಡಿದ್ದು ಆಗಲೇ. ಊರಿನವರೆಲ್ಲ ನೋಡಿದ್ದು ಆ ಒಂದು ಮಾತನ್ನು. ಮೂರು ಸಲ ಹೇಳಿದ್ದನ್ನೂ ಕೇಳಿದಳು. ಅಂಗಿಯ ಕಲೆ ಬಂದಾಗ ತೆರೆಯ ಹತ್ತಿರ ಬಾಗಿ ಬೆರಳಿಟ್ಟು ಬೀಜ ತೋರಿಸಿದಳು. ನಾನು ಹೇಳಿದ್ದು ಸುಳ್ಳಾ ಅಂತ ನನಗೇ ಅನುಮಾನ ಬಂದುಬಿಟ್ಟಿತ್ತು ಅಂದಳು. ಆಮೇಲೆ ಇದು ನಿನಗೆ ಯಾವಾಗ ಸಿಕ್ಕಿತು ಅಂತ ಕೇಳಿದಳು.

ಮೊನ್ನೆ ಅಂದೆ. ಸರೋಜ ಎದ್ದು ಅಡುಗೆಮನೆಗೆ ಹೋದಳು.

ಇದನ್ನು ಮಾಮೂಲಿ ಬಣ್ಣಕ್ಕೆ ಇಳಿಸಬೇಕು, ಕಚೇರಿಯ ಕಂಪ್ಯೂಟರಿನಲ್ಲಿ ಚಿತ್ರ ಬರುವುದಿಲ್ಲ, ಇಳಿಸಿದರೆ ಕೆಂಪು ಕೆಡಬಹುದು, ಅದಕ್ಕೊಂದು ದಾರಿ ಹುಡುಕಬೇಕು ಅಂತ ನಾನು ಏನೇನೋ ಹೇಳುತ್ತಲೇ ಇದ್ದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

"ಕಂಡೆ ಅಂತ ಹೇಳಾಕೆ ಇಷ್ಟೆಲ್ಲ ಪೆಟ್ಗೆ ಯಾಕ್ ನಾಗಣ್ಣ? ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ನನ್ ಮಾತು ನಡೆಯಾಕಿಲ್ಲ, ನೀನು ನೌಕ್ರಿ ಮಾಡೋನು. ಬಂದು ಒಂದ್ ಮಾತ್ ಹೇಳ್ಬುಡು, ಸಾಕು."

ಅವಳಿಗೆ ಕೆಲಸ ವಾಪಸು ಸಿಕ್ಕಿತು ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಶಾಲೆ ಮತ್ತೆ ಶುರುವಾದಾಗ ಅವಳೇ ಒಲೆ ಹಚ್ಚಿದಳು. ಚಾನೆಲ್‌ನವರು ಅದನ್ನು ತೋರಿಸಲಿಲ್ಲ, ತೋರಿಸುತ್ತಾರೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಆ ಫೀಡಿಗೆ ಬೀಗ ಬಿತ್ತು, ಗುಂಪಿನವರು ನನ್ನನ್ನು ಹೊರಗೆ ಹಾಕಿದರು, ಕಾಲೇಜಿನಿಂದ ಒಂದು ನೋಟಿಸು ಬಂತು, ಉತ್ತರ ಕೊಟ್ಟೆ, ಅಲ್ಲಿಗೆ ಮುಗಿಯಿತು. ಇಷ್ಟು ಸಣ್ಣದಕ್ಕೆ ನಾನು ಹೆದರಿದ್ದೆ. ನನಗೆ ಈಗಲೂ ಸಿಟ್ಟು ಇಳಿಯದಿರುವುದು ಅದಕ್ಕಲ್ಲ.

ರಂಗಕ್ಕ ಮನೆಗೆ ಬಂದ ಮಾರನೆಯ ದಿನ ನಾವಿಬ್ಬರೂ ಸಿರಾದ ಕಚೇರಿಗೆ ಹೋದೆವು. ಬಸ್ಸಿನಲ್ಲಿ ರಂಗಕ್ಕ ಪಕ್ಕದಲ್ಲಿ ಕೂತವರಿಗೆಲ್ಲ, ಇವನು ನಮ್ಮೂರವನು, ನನ್ನ ಸಲುವಾಗಿ ರಜೆ ಹಾಕಿ ಬಂದಿದ್ದಾನೆ ಅಂತ ಹೇಳಿಕೊಂಡಳು. ಕಚೇರಿಯಲ್ಲಿ ನಾನು ಎಲ್ಲವನ್ನೂ ಬಾಯಲ್ಲಿ ಹೇಳಿದೆ. ಬೀಜ, ಬೆರಳಿನ ಸುಂಕು, ನಾಲಿಗೆ, ಮೂರು ಸಲ ಹೇಳಿದ ಮಾತು. ಚಿತ್ರವನ್ನು ನನ್ನದೇ ಕಂಪ್ಯೂಟರ್ ತಂದು ತೋರಿಸುತ್ತೇನೆ ಅಂದೆ. ಅಧಿಕಾರಿ ಗಮನವಿಟ್ಟು ಕೇಳಿದರು. ಹಾಳೆ ತೆಗೆದುಕೊಟ್ಟರು. ನಾನು ಹೆಸರು, ಹುದ್ದೆ, ವಿಳಾಸ ಬರೆದೆ. ರಂಗಕ್ಕ ನನ್ನ ಪಕ್ಕದಲ್ಲಿ ನಿಂತು, ಓದಲು ಬಾರದಿದ್ದರೂ, ಅಕ್ಷರ ಮೂಡುವುದನ್ನೇ ನೋಡುತ್ತಿದ್ದಳು. ಕೊನೆಯ ಸಾಲು ಬರೆಯುವಾಗ ಅಧಿಕಾರಿ ಕನ್ನಡಕ ತೆಗೆದು ನನ್ನ ಮುಖ ನೋಡಿದರು.

"ಯುಗಾದಿಗೆ ಮುಂಚೇನೇ ಬಂದಿದ್ರಲ್ಲ ನೀವು. ಇದೇ ಹಾಳೆ ಕೊಟ್ಟಿದ್ದೆ. ಅವತ್ತೇ ಬರೆದಿದ್ರೆ ಈಯಮ್ಮಂಗೆ ಇಷ್ಟು ದಿನ ಆಗ್ತಿರಲಿಲ್ಲ. ಯಾಕ್ರೀ ಎದ್ದು ಹೋದ್ರಿ?"

ಪೆನ್ನು ಹಾಳೆಯ ಮೇಲೆ ನಿಂತಿತು. ರಂಗಕ್ಕ ಅಧಿಕಾರಿಯ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ಆಗ್ಲೇ ಬಂದಿದ್ದಾ ನಾಗಣ್ಣ ನೀನು?"

ನಾನು ತಲೆ ಎತ್ತದೆ ಸಹಿ ಹಾಕಿದೆ.